ಒಂಬತ್ತು ಬಾಯಿಯ ಚೀನಿ

ನಮ್ಮೂರಿನಲ್ಲಿ ಮಧ್ಯಾಹ್ನದ ಊಟ ಬೇಗ. ಬಿಸಿಲು ನೆತ್ತಿಗೆ ಬರುವ ಮೊದಲೇ ಉಂಡು ಕೈ ತೊಳೆದುಬಿಡಬೇಕು, ಆಮೇಲೆ ಬಿಳುಪು ಇಳಿಯುತ್ತದೆ. ಸುಣ್ಣದ ಗಣಿಯ ಕಡೆಯಿಂದ ಬರುತ್ತದೆ ಎಂದು ಕೆಲವರು, ಇಲ್ಲ, ಮೇಲಿನಿಂದಲೇ ಬರುತ್ತದೆ ಎಂದು ಕೆಲವರು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಾರೆ. ಬೇರೆ ಕೆಲಸವಿಲ್ಲದವರು ಮಾಡಲಿ ಬಿಡಿ. ಬಂತೆಂದರೆ ಎರಡು ತಾಸು ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಕೂಗಿದರೆ ಕೂಗು ನಾಲ್ಕೂ ಕಡೆಯಿಂದ ಕೇಳುತ್ತದೆ, ಯಾವ ದಿಕ್ಕಿನಿಂದ ಎಂದು ಹೇಳಲಾಗದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋದವರ ಹಗ್ಗ ಮಾತ್ರ ವಾಪಸು ಬಂದ ಸಂಗತಿ ಒಂದೆರಡಲ್ಲ. ಗಣಿಯಲ್ಲಿ ತಡವಾದವರು, ಕೆರೆಯಲ್ಲಿ ಬಟ್ಟೆ ಒಗೆಯುತ್ತ ಮೈಮರೆತವರು, ಎಲ್ಲರೂ ಮನೆ ಸೇರುವುದು ಚೀನಿಯ ದನಿ ಹಿಡಿದು.

ಚೀನಿ ಮಾಡುವುದು ನಮ್ಮ ಮನೆತನದ ಕಸುಬು. ನನ್ನ ಮುತ್ತಜ್ಜನ ಕಾಲದಲ್ಲಿ ಬೆನ್ನ ಮೇಲೆ ರೇಷ್ಮೆಯ ಗಂಟು ಹೊತ್ತ ಚೀನಾದವನೊಬ್ಬ ಬಿಳುಪಿಗೆ ಸಿಕ್ಕಿ ನಮ್ಮ ಮನೆಯಲ್ಲಿ ಮೂರು ತಿಂಗಳು ಉಳಿದನಂತೆ. ಅವನು ಕಲಿಸಿದ್ದು ಇದು. ಎರಡು ದುಂಡನೆಯ ಡಬ್ಬಿ, ನಡುವೆ ಮರದ ಸಣ್ಣ ಸೊಂಟ. ಡಬ್ಬಿಯ ಸುತ್ತುಗೋಡೆ ಬಿದಿರಿನದು, ಮುಚ್ಚಳ ಹಗುರ ಮರದ್ದು, ಒಳಗೆಲ್ಲ ಪೊಳ್ಳು. ಗೋಡೆಯಲ್ಲಿ ಓರೆಯಾಗಿ ಕೊರೆದ ಸೀಳುಗಳಿಗೆ ನಾವು ಬಾಯಿ ಎನ್ನುತ್ತೇವೆ. ಒಂದು ದೊಡ್ಡ ಬಾಯಿ, ಅದರದು ದಪ್ಪ ದನಿ. ಉಳಿದವು ಸಣ್ಣವು, ಒಂದೊಂದಕ್ಕೆ ಒಂದೊಂದು ಓರೆ. ಎರಡು ಕೋಲಿಗೆ ಕಟ್ಟಿದ ದಾರದ ಮೇಲೆ ಸೊಂಟವನ್ನು ಕೂರಿಸಿ ಬಲಗೈಯಿಂದ ಎಳೆದೆಳೆದು ಬಿಡುತ್ತಿದ್ದರೆ ಗಾಳಿ ಬಾಯಿಗಳಿಗೆ ಹೊಕ್ಕು ಗುಂಯ್ ಎನ್ನುತ್ತದೆ. ನೆಲದ ಬುಗುರಿಯಾದರೆ ಬಿಟ್ಟ ಮೇಲೆ ತನ್ನ ಪಾಡಿಗೆ ತಾನು ತಿರುಗುತ್ತದೆ. ಚೀನಿಗೆ ಎರಡು ಕೈ ಬೇಕೇ ಬೇಕು. ಕೈ ನಿಂತರೆ ಅದೂ ಬಿತ್ತು, ದನಿಯೂ ಹೋಯಿತು. ಅವನ ದೇಶದಲ್ಲಿ ಇದು ಬರೀ ಆಟಿಕೆಯಂತೆ. ಮುದುಕರು ಬೆಳಗಿನ ಹೊತ್ತು ತೋಟದಲ್ಲಿ ನಿಂತು ಆಕಾಶಕ್ಕೆ ಎಸೆದು ದಾರದ ಮೇಲೆ ಹಿಡಿದು ನಗುತ್ತಾರಂತೆ. ನಮ್ಮೂರಿನವರು ಸಾವಿನ ಮನೆಯಲ್ಲಿ ಕೂತವರ ಹಾಗೆ ಮುಖ ಮಾಡಿಕೊಂಡು ತಿರುಗಿಸುವುದನ್ನು ನೋಡಿ ಅವನಿಗೆ ಅಳು ಬಂತು ಎಂದು ನನ್ನಜ್ಜ ಹೇಳುತ್ತಿದ್ದ.

ಒಂದು ಮನೆಗೆ ಒಂದೇ ಚೀನಿ, ಒಂದು ಚೀನಿಗೆ ಒಂದೇ ದನಿ. ಅದೇ ದನಿಯ ಎರಡನೆಯದನ್ನು ಮಾಡಿಡುವಂತಿಲ್ಲ; ಎರಡರ ನಡುವೆ ಸಿಕ್ಕವನು ಅತ್ತ ಇತ್ತ ನಡೆಯುತ್ತಲೇ ಉಳಿಯುತ್ತಾನೆ. ಬೇರೆ ಮನೆಯ ದನಿಗಳೆಲ್ಲ ಊರಿನವರಿಗೆ ಒಂದೇ ಸಮ, ಜೇನ್ನೊಣ ಗುಂಯ್‌ಗುಟ್ಟಿದ ಹಾಗೆ. ತಮ್ಮ ಮನೆಯದು ಮಾತ್ರ ಕಿವಿ ಹಿಡಿದು ಎಳೆಯುತ್ತದೆ. ಮದುವೆಯಾಗಿ ಬಂದ ಹೆಣ್ಣಿನ ಕಿವಿಯ ಪಕ್ಕ ಮೂರು ದಿನ ಗಂಡನ ಮನೆಯ ಚೀನಿ ತಿರುಗಿಸುತ್ತಾರೆ. ಮೂರನೆಯ ದಿನ ತವರಿನ ದನಿ ಅವಳ ಕಿವಿಯಿಂದ ಹೋಗಿಬಿಡುತ್ತದೆ. ಆ ದಿನ ಎಲ್ಲ ಹೆಣ್ಣುಮಕ್ಕಳೂ ಅಳುತ್ತಾರೆ, ಅದನ್ನೊಂದು ಶುಭ ಎಂದು ಊರಿನವರು ಸಿಹಿ ಹಂಚುತ್ತಾರೆ. ಚೀನಿ ಮಾಡುವ ನಮ್ಮ ಕಿವಿಗೆ ಎಲ್ಲ ದನಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಹಾಗಾಗಿ ಯಾವುದೂ ನಮ್ಮನ್ನು ಕರೆಯುವುದಿಲ್ಲ. ಬಿಳುಪು ಇಳಿದ ಮೇಲೆ ನಾವು ಅಂಗಳ ದಾಟುವವರಲ್ಲ.

ದನಿ ಸಿಗದವರು ಸಾಯುವುದಿಲ್ಲ. ಬಿಳುಪು ಎದ್ದು ಹೋದ ಮೇಲೆ ಹುಡುಕಿದರೆ ಎಲ್ಲಿಯೂ ಇರುವುದಿಲ್ಲ, ಅಷ್ಟೇ. ಮರುದಿನದ ಬಿಳುಪಿನಲ್ಲಿ ಮತ್ತೆ ನಡೆಯುತ್ತಿರುತ್ತಾರೆ. ಅದಕ್ಕೇ ಅಂಥವರ ಮನೆಯಲ್ಲಿ ದಿನವೂ ಎರಡು ತಾಸು ಪೂರ್ತಿ ಚೀನಿ ತಿರುಗಬೇಕು. ನಿಲ್ಲಿಸಿದ ಮನೆಗೆ ಊರಿನಲ್ಲಿ ನೀರು ಬೆಂಕಿ ಕೊಡುವವರಿಲ್ಲ.

ಹೂವವ್ವ ಎಂಟು ವರ್ಷ ತಿರುಗಿಸಿದವಳು. ಅವಳ ಗಂಡ ದ್ಯಾವಪ್ಪ ಗಣಿಯಲ್ಲಿ ಕಲ್ಲು ಒಡೆಯುವವನು. ಒಮ್ಮೆ ಎಡಗಾಲಿನ ಮೇಲೆ ಬಂಡೆ ಉರುಳಿ ಆ ಕಾಲು ಎಳೆದುಕೊಂಡೇ ನಡೆಯುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲಿ. ರೊಟ್ಟಿ ಸೀದಿತೆಂದು ಹೆಂಡತಿಯ ಅಂಗೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದವನು ಅವನು. ಅವಳ ಚೀರಾಟ ನಮ್ಮ ಓಣಿಗೆಲ್ಲ ಕೇಳಿತ್ತು. ಅವರ ಮನೆಯ ಉಸಾಬರಿ ನಮಗ್ಯಾಕೆ ಎಂದು ಎಲ್ಲರೂ ಕದ ಹಾಕಿಕೊಂಡರು. ನಾನೂ ಹಾಕಿಕೊಂಡವನೇ, ಸುಳ್ಳು ಯಾಕೆ ಹೇಳಲಿ. ಒಂದು ಮಧ್ಯಾಹ್ನ ಅವನು ಬಡಿಗೆ ಹಿಡಿದು ಅಟ್ಟಿಸಿಕೊಂಡು ಬಂದಾಗ ಹೂವವ್ವ ಹಿತ್ತಲಿನ ಮೇವಿನ ಬಣವೆಯ ಹಿಂದೆ ಅವಿತುಕೊಂಡಳು. ಅವನು ಅವಳನ್ನು ಹುಡುಕುತ್ತ ಬಯಲಿನ ಕಡೆ ಹೋದ, ಬಿಳುಪು ಇಳಿಯಿತು. ಅವಳು ಗೋಡೆ ತಡವಿಕೊಂಡು ಒಳಗೆ ಬಂದಳು. ಅವನು ಬರಲಿಲ್ಲ.

ಅಂದಿನಿಂದ ಅವಳ ಹಟ ಎಂಥದು, ಅವಳ ನಿಷ್ಠೆ ಎಂಥದು ಎಂದು ಊರು ಹಾಡಿ ಹೊಗಳಿತು. ಗಂಡನಿಗಾಗಿ ಕೈ ಸವೆಸುವ ಹೆಂಗಸು ಎಂದು ಮಕ್ಕಳಿಗೆ ತೋರಿಸಿದರು. ಅವಳ ಅತ್ತೆ ಕಾಶವ್ವ ಕಟ್ಟೆಯ ಮೇಲೆ ಕೂತು ಮಗನ ಹೆಜ್ಜೆಗಾಗಿ ಕಿವಿಗೊಟ್ಟಿರುತ್ತಿದ್ದಳು. ಬಿಳುಪು ಎದ್ದ ಮೇಲೆ ಸೊಸೆಯ ಊದಿದ ತೋಳಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿ, ಒಂದು ದಿನ ಒಬ್ಬರಿಗೊಬ್ಬರು ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಹೋದ ವರ್ಷದ ಶ್ರಾವಣದಲ್ಲಿ ಬಡಿಗೇರ ಮಾನಪ್ಪನ ತಮ್ಮ ವಾಪಸು ಬಂದ, ಹನ್ನೊಂದು ವರ್ಷದ ಮೇಲೆ. ಹಣೆಯ ಬೆವರು ಆರಿರಲಿಲ್ಲ. ಹೋಗುವಾಗ ಅಣ್ಣನೊಂದಿಗೆ ಬಾಗಿಲ ಚೌಕಟ್ಟಿನ ಅಳತೆಯ ಬಗ್ಗೆ ಏನೋ ತಕರಾರು ತೆಗೆದಿದ್ದನಂತೆ, ಒಳಗೆ ಬಂದವನೇ ಆ ಮಾತನ್ನು ಅರ್ಧದಿಂದ ಮುಂದುವರಿಸಿದ. ಊರು ಕುಣಿದಾಡಿತು. ಮೂರು ದಿನ ಬಿಟ್ಟು ಬೆಳಗ್ಗೆ ಹೂವವ್ವ ತನ್ನ ಚೀನಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು.

"ಗುರುಪಾದ ಕಾಕಾ, ಇದರ ದನಿ ಬ್ಯಾರೆ ಮಾಡಿಕೊಡು," ಎಂದಳು.

ನಾನು ಉಳಿ ಕೆಳಗಿಟ್ಟೆ. "ಏನಂದಿ?"

"ಮಾನಪ್ಪಣ್ಣನ ತಮ್ಮನ್ನ ನೋಡಿದ್ಯಲ್ಲ. ಹೋದಾಗ ಹ್ಯಾಂಗಿದ್ನೋ ಹಾಂಗ ಬಂದಾನ. ನಮ್ಮಾಂವ ಹೋದಾಗ ಕೈಯಾಗ ಬಡಿಗಿ ಇತ್ತು. ಆ ಬಡಿಗಿ ಇನ್ನಾ ಕೈಯಾಗ ಐತಿ ಕಾಕಾ. ನನ್ನ ಹುಡುಕಾಕಂತನ ಹೋದಾಂವ, ನನ್ನ ನೋಡಿದ ಕೂಡಲೇ ಎತ್ತತಾನ. ಅಂವಗ ಅದು ಅದ ಮಧ್ಯಾಹ್ನ."

"ಮತ್ತ ಎಂಟು ವರ್ಷ ತಿರುಗಿಸಿದ್ಯಲ್ಲ?"

"ಯಾರೂ ತಿರಿಗಿ ಬರಂಗಿಲ್ಲ ಅನ್ಕೊಂಡು ತಿರುಗಿಸಿದೆ," ಎಂದಳು. "ನಿಲ್ಲಿಸಿದ್ರ ಊರು ಬಿಡತೈತೇನು? ಅತ್ತಿ ಬಿಡತಾಳೇನು? ತಿರುಗಸ್ತೀನಿ. ಕೈ ಬಿದ್ದುಹೋಗೋತನಕ ತಿರುಗಸ್ತೀನಿ. ಅಂವಗ ಮಾತ್ರ ಕೇಳಬಾರದು."

ಅಂಗೈಯನ್ನು ಮುಂದೆ ಚಾಚಿ ತೋರಿಸಲಿಲ್ಲ ಅವಳು, ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಆದರೂ ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಹಾಕಿಕೊಂಡ ಕದ ನೆನಪಾಯಿತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನನ್ನಪ್ಪ ಬದುಕಿದ್ದರೆ ಅದೇ ಉಳಿಯಿಂದ ನನ್ನ ಬೆರಳು ತೆಗೆಯುತ್ತಿದ್ದ. ನಾನು ಅರಗು ಕಾಯಿಸಿದೆ. ಒಂಬತ್ತು ಬಾಯಿಗಳಲ್ಲಿ ದೊಡ್ಡದನ್ನು ಒಳಗಿನಿಂದ ಮುಚ್ಚಿದೆ. ಭಾರ ಒಂದು ಕಡೆ ವಾಲಿದರೆ ಚೀನಿ ದಾರದ ಮೇಲೆ ಕುಡಿದವನಂತೆ ಆಡುತ್ತದೆ, ಹಾಗಾಗಿ ಎದುರು ಗೋಡೆಗೂ ಅಷ್ಟೇ ಅರಗು ಹಚ್ಚಿದೆ. ತಿರುಗಿಸಿ ನೋಡಿದೆ. ದಪ್ಪ ದನಿ ಹೋಗಿತ್ತು. ಉಳಿದದ್ದು ಯಾರ ಮನೆಯದೂ ಅಲ್ಲದ ದನಿ.

ಬುದ್ಧಿವಂತನೆಂದು ಬೀಗುತ್ತಿದ್ದ ನನಗೆ ಒಂದು ಮಾತು ಹೊಳೆಯಲೇ ಇಲ್ಲ. ಆ ಮನೆಯ ದನಿಗೆ ಕಟ್ಟಿಬಿದ್ದ ಕಿವಿ ದ್ಯಾವಪ್ಪನದೊಂದೇ ಆಗಿರಲಿಲ್ಲ.

ಒಂದು ವಾರ ಕಳೆಯಿತು. ಕಾಶವ್ವ ಕೋಲೂರಿಕೊಂಡು ನನ್ನ ಅಂಗಡಿಗೆ ಬಂದು ಬಿದಿರಿನ ರಾಶಿಯ ಮೇಲೆ ಕೂತಳು. ಬಹಳ ಹೊತ್ತು ನಾನು ಕೆತ್ತುವುದನ್ನು ನೋಡಿದಳು.

"ಮೊದಲನೇ ದಿನಾನ ಗೊತ್ತಾತು, ತಮ್ಮಾ," ಎಂದಳು. "ಐವತ್ತು ವರ್ಷ ಕೇಳಿದ ದನಿ. ನನ್ನ ಮನ್ಯಾಗ ಕುಂತು ಯಾರದೋ ಮನ್ಯಾಗ ಕುಂತಂಗ ಆತು."

ನಾನು ಕೆತ್ತುವುದನ್ನು ನಿಲ್ಲಿಸಿದೆ. "ದೊಡ್ಡವ್ವಾ, ತಪ್ಪು ನಂದು. ಹೂವವ್ವನ್ನ ಏನೂ ಅನಬ್ಯಾಡ."

"ಆಕೀಗ್ಯಾಕ ಅನ್ಲಿ? ಆಕಿ ಕೈ ಸುಟ್ಟಾಗ ಒಳಗ ಕುಂತು ಅಳಕೋತ ಇದ್ದಾಕಿ ನಾನು. ಎದ್ದು ಹೋಗಿ ಬಿಡಿಸಲಿಲ್ಲ. ಮಗ ಅಂದ್ರ ನಂಗೂ ಹೆದರಿಕಿ ಇತ್ತು." ಕೋಲಿನ ತುದಿಯಿಂದ ಬಿದಿರಿನ ಚಕ್ಕೆಗಳನ್ನು ಒಂದು ಕಡೆ ಸರಿಸಿದಳು. "ಆದ್ರ ಹೊರಗ ಅಡ್ಡಾಡಾಕತ್ತಾನಲ್ಲೋ. ಇಷ್ಟು ದಿನ ಇವತ್ತಲ್ಲ ನಾಳೆ ಕೇಳತೈತಿ ಅಂತಿದ್ದೆ. ಈಗ ಅಂವಗ ಕೇಳೋದು ಏನೂ ಇಲ್ಲ."

"ಅರಗು ತೆಗಿಲೇನು?"

"ಬ್ಯಾಡ. ಆಕಿ ಈ ವಾರ ನಿದ್ದಿ ಮಾಡ್ಯಾಳ," ಎಂದು ಕಾಶವ್ವ ಎದ್ದಳು. ಬಾಗಿಲಲ್ಲಿ ನಿಂತು, "ನಾ ಬಂದಿದ್ದು ಆಕೀಗೆ ಹೇಳಬ್ಯಾಡ," ಎಂದಳು.

ನಾನು ಹೇಳಲಿಲ್ಲ. ಹೇಳಿದ್ದರೆ ಹೂವವ್ವ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅತ್ತೆಯನ್ನು ಕಾಯುತ್ತಿದ್ದಳು. ಮರುದಿನ ಊಟದ ಹೊತ್ತಿಗೆ ಕಾಶವ್ವ ಎರಡು ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು, ಹೂವವ್ವ ನೀರಿಗೆ ಹೋದಾಗ ಬಯಲಿನ ಕಡೆ ನಡೆದಳಂತೆ. ಗಣಿಯಿಂದ ಓಡಿ ಬರುತ್ತಿದ್ದವರು ನೋಡಿ, "ಎಲ್ಲಿಗೆ ಹೊಂಟಿಯಬೇ, ಬಿಳುಪು ಬಂತು," ಎಂದು ಕೂಗಿದರೆ, "ಮಗಗ ಬುತ್ತಿ ಒಯ್ಯಾಕತ್ತೀನಿ," ಎಂದಳಂತೆ. ಆಮೇಲೆ ಯಾರಿಗೂ ಕಾಣಲಿಲ್ಲ.

ಬಿಳುಪು ಎದ್ದ ಕೂಡಲೇ ಹೂವವ್ವ ಬರಿಗಾಲಲ್ಲಿ ನನ್ನಲ್ಲಿಗೆ ಓಡಿ ಬಂದಳು. ಚೀನಿಯನ್ನು ನನ್ನ ಮುಂದೆ ಇಟ್ಟಳು. ನಾನು ಕಾಶವ್ವ ಬಂದಿದ್ದನ್ನೂ ಹೇಳಿದ್ದನ್ನೂ ಒಪ್ಪಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅರಗು ತಗಿ," ಎಂದಳು.

"ತಗದ್ರ ಅಂವಗೂ ಕೇಳತೈತಿ, ಯವ್ವಾ."

"ಕೇಳಲಿ. ಬಂದು ಹೊಡದ್ರ ಹೊಡೀಲಿ. ಎಂಟು ವರ್ಷ ನನ್ನ ತೋಳು ತಿಕ್ಕಿದಾಕಿ ಆಕಿ. ನಂಗ ಆಕಿ ಬೇಕು."

ಅರಗು ತೆಗೆದೆ. ಒಂಬತ್ತು ಬಾಯಿಯೂ ತೆರೆದವು, ಹಳೆಯ ದನಿ ಬಂತು. ಮರುದಿನದಿಂದ ಹೂವವ್ವ ಅಂಗಳದಲ್ಲಿ ನಿಂತು ತಿರುಗಿಸತೊಡಗಿದಳು. ಮೊದಲು ತಿರುಗಿಸುತ್ತಿದ್ದದ್ದು ಬೇರೆ, ಈಗಿನದು ಬೇರೆ. ಹಲ್ಲು ಕಚ್ಚಿ, ದಾರ ಬೆರಳು ಕೊಯ್ಯುವ ಹಾಗೆ ಎಳೆಯುತ್ತಿದ್ದಳು. ಆರನೆಯ ದಿನಕ್ಕೆ ಭುಜ ಎತ್ತಲು ಬಾರದಂತಾಯಿತು. ನಾನು ಬಿಳುಪಿಗೆ ಮೊದಲೇ ಅವಳ ಮನೆಗೆ ಹೋಗಿ ಅರ್ಧ ಪಾಲು ತಿರುಗಿಸುತ್ತೇನೆಂದೆ. ಅವಳು ಒಪ್ಪಿದಳು. ಊರಿನವರು ಮತ್ತೆ ಹೊಗಳಿದರು, ಈಗ ನನ್ನನ್ನೂ ಸೇರಿಸಿಕೊಂಡು.

ಹದಿನಾಲ್ಕನೆಯ ದಿನ. ಚೀನಿಯ ಕೋಲುಗಳು ನನ್ನ ಕೈಯಲ್ಲಿದ್ದವು. ಹೂವವ್ವ ಒಳಗೆ ತೋಳಿಗೆ ಬಿಸಿ ನೀರಿನ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಬಿಳುಪು ಅಂಗಳದ ತುಂಬ ಕೂತಿತ್ತು, ನನ್ನ ಮುಂದಿನ ಚೀನಿಯೂ ನನಗೆ ಕಾಣುತ್ತಿರಲಿಲ್ಲ, ದಾರದ ಮೇಲಿನ ಭಾರ ಮಾತ್ರ ಕೈಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಹೆಜ್ಜೆ ಕೇಳಿತು. ಒಂದು ಕಾಲು ಗಟ್ಟಿಯಾಗಿ ಊರಿ, ಇನ್ನೊಂದು ಕಾಲು ಎಳೆದು. ಮತ್ತೆ ಊರಿ, ಮತ್ತೆ ಎಳೆದು. ಜೊತೆಗೆ ಏನೋ ಒಂದು ಕಟ್ಟಿಗೆ ಕಲ್ಲಿಗೆ ತಾಗುತ್ತಿತ್ತು.

ಕಾಶವ್ವನ ಹೆಜ್ಜೆ ಅದಲ್ಲ. ಬಂದವನು ಅವನೇ, ಕೈಯಲ್ಲಿ ಬಡಿಗೆ ಇದೆ, ಇನ್ನು ಹತ್ತು ಹೆಜ್ಜೆಗೆ ಅಂಗಳ. ಒಳಗೆ ಅವಳು ಒಬ್ಬಳೇ, ಕೈ ಎತ್ತಲೂ ಆಗದವಳು. ಹೊಡೆದರೆ ಹೊಡೆಯಲಿ ಎಂದಿದ್ದಳು, ನಿಜ. ಹಾಗೆಂದವಳು ಅವಳು, ನಾನಲ್ಲ. ಎಂಟು ವರ್ಷದ ಹಿಂದೆ ನಾನು ಕದ ಹಾಕಿಕೊಂಡಿದ್ದೆ, ಈ ಸಲವಾದರೂ ಆ ಕದವನ್ನು ಅವನ ಮುಖಕ್ಕೆ ಹಾಕಿಬಿಡೋಣ ಎನ್ನಿಸಿತು. ಅಷ್ಟು ಯೋಚಿಸಿದ್ದು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನಲ್ಲಿ. ನಾನು ಎರಡೂ ಕೈ ಕೆಳಗೆ ಬಿಟ್ಟೆ. ಚೀನಿ ದಾರದಿಂದ ಜಾರಿ ಅಂಗಳದ ಹಾಸುಗಲ್ಲಿನ ಮೇಲೆ ಬಿತ್ತು. ದನಿ ನಿಂತಿತು.

ಹೆಜ್ಜೆಯೂ ನಿಂತಿತು.

"ತಡಿಯೋ, ಈಗ ಇಲ್ಲೇ ಕೇಳಾಕತ್ತಿತ್ತು," ಎಂದಿತು ಕಾಶವ್ವನ ದನಿ. ಎಲ್ಲ ಕಡೆಯಿಂದ ಕೇಳಿತು, ನನ್ನ ಹಿಂದಿನಿಂದಲೂ ಮೇಲಿನಿಂದಲೂ. "ನನ್ನ ಕೈ ಬಿಡಬ್ಯಾಡ. ಆ ಬಡಿಗಿ ನೆಲಕ್ಕ ಊರಿ ಹಿಡಿ. ಕೈ ತಗ್ಗಿಸಿ ಇರಬೇಕು ಅಂತ ಹೇಳೀನಿ, ಗೊತ್ತಾತಿಲ್ಲೋ?"

"ಹೂಂ, ಯವ್ವಾ," ಎಂದ ದ್ಯಾವಪ್ಪ. ಸಣ್ಣ ಹುಡುಗನ ಹಾಗೆ ಕೇಳಿತು ಆ ದನಿ.

ನಾನು ಮೊಣಕಾಲೂರಿ ನೆಲ ತಡವಿದೆ. ಚೀನಿ ಸಿಕ್ಕಿತು. ಸಿಕ್ಕಿದ್ದು ಎರಡು ತುಂಡು, ಸೊಂಟ ಮುರಿದು ಒಂದು ಡಬ್ಬಿಯ ಬಿದಿರು ಉದ್ದಕ್ಕೆ ಸೀಳಿತ್ತು. ಎರಡೂ ತುಂಡನ್ನು ಅಂಗೈಯಲ್ಲಿ ಒತ್ತಿ ಹಿಡಿದೆ, ಏನಾಗುತ್ತದೆ ಅದರಿಂದ. ಮೂವತ್ತು ವರ್ಷ ಇದನ್ನೇ ಮಾಡಿದವನು ನಾನು. ಅಂಟು ಆರಲು ಎರಡು ದಿನ ಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹೂವವ್ವ ಬಾಗಿಲಿಗೆ ಬಂದಿದ್ದಳು. "ಕಾಕಾ, ಯಾಕ ನಿಂತತು?"

"ಕೈ ಜಾರಿತು," ಎಂದೆ.

"ಹೂವವ್ವಾ," ಎಂದಿತು ಹೊರಗಿನ ದನಿ. "ನಿನ್ನ ಗಂಡನ್ನ ಕರಕೊಂಡು ಬಂದೀನಿ. ಎಲ್ಲಾ ಹೇಳೀನಿ ಅಂವಗ. ತಿರುಗಸವ್ವಾ, ಬಂದ್ವಿ."

ಹೂವವ್ವ "ಅತ್ತೀ" ಎಂದು ಚೀರಿದಳು. ಹೊಸ್ತಿಲು ದಾಟಿ ಓಡಲು ಹೋದಳು, ನಾನು ಸೊಂಟ ಹಿಡಿದು ಎಳೆದೆ, ಅವಳು ನನ್ನ ಕೈ ಕಚ್ಚಿದಳು. "ಇಲ್ಲೇ ಅದೀವಿ ಬಾ, ಈ ಕಡೆ ಬಾ," ಎಂದು ಕೂಗುತ್ತಲೇ ಇದ್ದಳು. ಕೂಗಿನಿಂದ ಏನೂ ಆಗದು ಎಂದು ಮೂರು ವರ್ಷದ ಮಗುವಿಗೂ ಗೊತ್ತಿರುವ ಊರು ನಮ್ಮದು. ಕಾಶವ್ವ ಪ್ರತಿ ಸಲವೂ ಓ ಎಂದಳು. "ಓ, ಬಂದ್ವಿ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಓ, ಬಂದ್ವಿ." ಎಳೆಯುವ ಕಾಲಿನ ಸದ್ದು ಒಮ್ಮೆ ಹತ್ತಿರವಾಯಿತು, ಗೋಡೆಯ ಆಚೆಗೇ ಇದ್ದ ಹಾಗೆ, ಆಮೇಲೆ ದೂರವಾಯಿತು. ಬಿಳುಪು ಎದ್ದಾಗ ಅಂಗಳದ ಅಂಚಿನ ಧೂಳಿನಲ್ಲಿ ಒಂದು ಗಟ್ಟಿ ಹೆಜ್ಜೆ, ಒಂದು ಉದ್ದನೆಯ ಗೀರು, ಪಕ್ಕದಲ್ಲಿ ಮುದುಕಿಯ ಸಣ್ಣ ಪಾದ. ತಲಬಾಗಿಲಿಗೆ ನಾಲ್ಕು ಮಾರು ಇರುವಾಗ ಆ ಹೆಜ್ಜೆಗಳು ಹೊರಳಿ ಕೆರೆಯ ದಿಕ್ಕಿಗೆ ಹೋಗಿದ್ದವು.

ಎರಡು ರಾತ್ರಿ ಎರಡು ಹಗಲು ಕೂತು ಅದೇ ಅಳತೆಯ ಹೊಸ ಚೀನಿ ಮಾಡಿದೆ. ಪ್ರತಿ ಮನೆಗೂ ಒಂದು ಅಳತೆಕಡ್ಡಿ ನಮ್ಮಲ್ಲಿರುತ್ತದೆ, ಒಂಬತ್ತು ಬಾಯಿಯ ಅಗಲ, ಓರೆ ಎಲ್ಲ ಅದರ ಮೇಲೆ ಗೀರಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ, ನನ್ನ ಕಿವಿಯೇ ಸಾಕ್ಷಿ. ಅಂದಿನಿಂದ ತಿರುಗಿಸುತ್ತಿದ್ದೇವೆ. ಒಂದು ವರ್ಷ ನಾಲ್ಕು ತಿಂಗಳಾಯಿತು. ಯಾವ ಹೆಜ್ಜೆಯೂ ಕೇಳಿಲ್ಲ.

ದಿನವೂ ಊಟವಾದ ಮೇಲೆ ನಾನು ಅವಳ ಮನೆಗೆ ಹೋಗುತ್ತೇನೆ. ಮೊದಲ ತಾಸು ಅವಳದು, ಎರಡನೆಯದು ನನ್ನದು. ಅಂದು ಕೈ ಹೇಗೆ ಜಾರಿತು ಎಂದು ಅವಳು ಒಂದು ದಿನವೂ ಕೇಳಿಲ್ಲ. ಕೇಳಿದರೆ ಹೇಳಿಬಿಡಬೇಕು ಎಂದು ನಾನು ಎಷ್ಟೋ ಸಲ ಸಿದ್ಧನಾಗಿಯೇ ಹೋಗಿದ್ದೇನೆ. ನನ್ನ ಪಾಳಿ ಬಂದಾಗ ಮೊದಲೆಲ್ಲ ಅವಳು ಕೋಲುಗಳನ್ನು ನನಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. ಈಗ ಹೋಗುವುದಿಲ್ಲ. ನನ್ನ ಎದುರಿಗೇ ಕೂತು, ಬಿಳುಪಿನಲ್ಲಿ ನನ್ನ ಎರಡೂ ಮಣಿಕಟ್ಟುಗಳನ್ನು ತಡವಿ ಹುಡುಕಿ, ತಾಸು ಮುಗಿಯುವವರೆಗೆ ಹಿಡಿದುಕೊಂಡಿರುತ್ತಾಳೆ.